ಪಾಠಕ್ಕೆ ಮುಂಚಿನ ಐದು ನಿಮಿಷ: ಸ್ಪ್ಯಾನಿಷ್ ತರಗತಿಯ ಬಾಗಿಲಲ್ಲಿ



ಗಂಟೆ ಹೊಡೆಯುತ್ತದೆ. ಮೇಷ್ಟರು ಒಳಗೆ ಬರುತ್ತಾರೆ. ಎಲ್ಲರೂ ಎದ್ದು ನಿಂತು ಒಂದೇ ರಾಗದಲ್ಲಿ "ನಮಸ್ತೇ ಸಾರ್" ಎನ್ನುತ್ತೀರಿ. ಹಾಜರಿ ಪುಸ್ತಕ ತೆರೆಯುತ್ತದೆ. ಕಪ್ಪು ಹಲಗೆಯ ಮೂಲೆಯಲ್ಲಿ ದಿನಾಂಕ, ವಾರ, ಹಾಜರಾದವರ ಸಂಖ್ಯೆ ಬರೆಯಲಾಗುತ್ತದೆ. ಪಾಠ ಇನ್ನೂ ಆರಂಭವಾಗಿಲ್ಲ. ಈ ಹೊತ್ತನ್ನು ನಾವು ಯಾರೂ ಪಾಠವೆಂದು ಎಣಿಸುವುದಿಲ್ಲ, ಪರೀಕ್ಷೆಯಲ್ಲಿ ಇದರ ಮೇಲೆ ಪ್ರಶ್ನೆಯೂ ಬರುವುದಿಲ್ಲ. ಆದರೆ ಒಂದು ಹೊಸ ಭಾಷೆಯನ್ನು ಕಲಿಸುವ ತರಗತಿಯಲ್ಲಿ ಇದೇ ಐದು ನಿಮಿಷ ಬಹಳ ಬೆಲೆಯುಳ್ಳದ್ದು.

ಸ್ಪ್ಯಾನಿಷ್ ಭಾಷೆಯ ಒಂದು ತರಗತಿಯನ್ನು ನೋಡೋಣ. ಶಿಕ್ಷಕಿ ಬಾಗಿಲಲ್ಲೇ ನಿಂತು "ಬ್ವೇನೊಸ್ ದೀಆಸ್" ಎನ್ನುತ್ತಾರೆ, ಶುಭೋದಯ ಎಂದರ್ಥ. ಒಳಗೆ ಬಂದ ಮೇಲೆ "ಕೆ ದೀಆ ಎಸ್ ಓಯ್?", ಅಂದರೆ ಇವತ್ತು ಯಾವ ವಾರ ಎಂದು ಕೇಳುತ್ತಾರೆ. "ಓಯ್ ಎಸ್ ಲೂನೆಸ್", ಇವತ್ತು ಸೋಮವಾರ ಎಂದು ಉತ್ತರ ಬರುತ್ತದೆ. ನಂತರ ದಿನಾಂಕ, ಹೊರಗಿನ ಹವೆ, ನೀನು ಹೇಗಿದ್ದೀಯ, ನಿನ್ನೆ ಏನು ಮಾಡಿದೆ ಎಂಬ ಪ್ರಶ್ನೆಗಳು. ದಿನವೂ ಇದೇ ಕ್ರಮ, ಉತ್ತರ ಮಾತ್ರ ದಿನದಿನಕ್ಕೆ ಬೇರೆ. ಆಟಗಾರರು ಮೈದಾನಕ್ಕೆ ಇಳಿಯುವ ಮುಂಚೆ ಮೈ ಬಿಸಿ ಮಾಡಿಕೊಳ್ಳುವುದಕ್ಕೆ ಹೋಲಿಸಿ ಇದನ್ನು ವಾರ್ಮ್ ಅಪ್ ಎನ್ನುತ್ತಾರೆ. ನನ್ನನ್ನು ಕೇಳಿದರೆ ಸಂಗೀತಗಾರರು ತಂಬೂರಿಯ ಶ್ರುತಿ ಹಿಡಿಯುವ ಹೋಲಿಕೆಯೇ ಇದಕ್ಕೆ ಹೆಚ್ಚು ಒಪ್ಪುತ್ತದೆ. ಅಲ್ಲಿ ಹೊಸದೇನನ್ನೂ ಹಾಡುವುದಿಲ್ಲ. ಕಿವಿ ಮಾತ್ರ ಬೇರೆ ಲೋಕಕ್ಕೆ ಹೊರಳುತ್ತದೆ.

ಇದು ಇತ್ತೀಚಿನ ಶಿಕ್ಷಣ ತಜ್ಞರ ಕಲ್ಪನೆ ಎಂದು ನೀವು ಭಾವಿಸಬಹುದು. ಅದು ಹಾಗಲ್ಲ. ಬೆಳಗಿನ ಸಣ್ಣ ಮಾತುಗಳಿಂದ ಭಾಷೆಯ ಪಾಠವನ್ನು ಆರಂಭಿಸುವ ಪದ್ಧತಿಗೆ ದೀರ್ಘ ಇತಿಹಾಸವಿದೆ. ಆ ಇತಿಹಾಸವೆಲ್ಲ ಸಿಹಿಯಾಗಿಯೂ ಇಲ್ಲ.

ರೋಮನ್ ಸಾಮ್ರಾಜ್ಯದ ಕಾಲಕ್ಕೆ ಹೋಗೋಣ. ಅಲ್ಲಿ ಗ್ರೀಕ್ ಬಲ್ಲವರು ಲ್ಯಾಟಿನ್ನನ್ನೂ ಲ್ಯಾಟಿನ್ ಬಲ್ಲವರು ಗ್ರೀಕನ್ನೂ ಕಲಿಯಬೇಕಾಗುತ್ತಿತ್ತು. ಅದಕ್ಕಾಗಿ ಎರಡು ಭಾಷೆಗಳನ್ನು ಅಕ್ಕಪಕ್ಕದ ಸಾಲುಗಳಲ್ಲಿ ಬರೆದ ಪಠ್ಯಗಳಿದ್ದವು. ಅವುಗಳನ್ನು ಹೆರ್ಮೆನ್ಯೂಮತಾ ಎಂದು ಕರೆಯುತ್ತಾರೆ. ಅವುಗಳಲ್ಲಿ ಬರುವ ಸಂಭಾಷಣೆಗಳು ಹೇಗೆ ಆರಂಭವಾಗುತ್ತವೆ ಗೊತ್ತೇ? ಹುಡುಗನೊಬ್ಬ ಬೆಳಿಗ್ಗೆ ಏಳುತ್ತಾನೆ, ಪಾದರಕ್ಷೆ ಕೇಳುತ್ತಾನೆ, ಮುಖ ತೊಳೆಯುತ್ತಾನೆ, ಮನೆಯವರಿಗೆ ವಂದಿಸಿ ಶಾಲೆಗೆ ಹೊರಡುತ್ತಾನೆ, ಗುರುವಿಗೂ ಜೊತೆಗಾರರಿಗೂ ನಮಸ್ಕಾರ ಹೇಳಿ ತನ್ನ ಜಾಗದಲ್ಲಿ ಕೂರುತ್ತಾನೆ. ಯುದ್ಧದ ವರ್ಣನೆಯಿಂದಲೋ ದೇವರ ಸ್ತುತಿಯಿಂದಲೋ ಅಲ್ಲ, ಹಾಸಿಗೆಯಿಂದ ಏಳುವುದರಿಂದ ಭಾಷೆ ಆರಂಭವಾಗುತ್ತದೆ. ಓದುವ ಹುಡುಗನೂ ಅದೇ ದಿನ ಬೆಳಿಗ್ಗೆ ಅದನ್ನೇ ಮಾಡಿ ಬಂದಿರುತ್ತಾನಲ್ಲ! ಅರ್ಥ ಅವನಿಗೆ ಆಗಲೇ ಗೊತ್ತು. ಕಲಿಯಬೇಕಾದದ್ದು ಶಬ್ದ ಮಾತ್ರ.

ಇದೇ ದಾರಿಯನ್ನು ಹದಿನಾರನೆಯ ಶತಮಾನದಲ್ಲಿ ಹಿಡಿದವರು ಹುವಾನ್ ಲೂಯಿಸ್ ವಿವೆಸ್ ಎಂಬ ವಿದ್ವಾಂಸರು. ಸ್ಪೇನಿನ ವೆಲೆನ್ಸಿಯಾ ನಗರದವರು. ಅವರ ಮನೆತನ ಯಹೂದಿ ಧರ್ಮದಿಂದ ಕ್ರೈಸ್ತ ಧರ್ಮಕ್ಕೆ ಬಂದದ್ದು. ಹೊರಗೆ ಕ್ರೈಸ್ತರಾಗಿದ್ದು ಒಳಗೆ ಹಳೆಯ ಆಚರಣೆ ನಡೆಸುತ್ತಿದ್ದಾರೆಂಬ ಆರೋಪದ ಮೇಲೆ ಇನ್‌ಕ್ವಿಸಿಷನ್ ಎಂಬ ಧಾರ್ಮಿಕ ನ್ಯಾಯಾಲಯ ಅಂಥ ಮನೆತನಗಳನ್ನು ಬೆನ್ನಟ್ಟುತ್ತಿದ್ದ ಕಾಲ ಅದು. ವಿವೆಸ್ 1509ರಲ್ಲಿ ಓದಲೆಂದು ಪ್ಯಾರಿಸ್ಸಿಗೆ ಹೋದವರು ಮತ್ತೆ ತಾಯ್ನಾಡಿಗೆ ಹಿಂದಿರುಗಲೇ ಇಲ್ಲ. 1524ರಲ್ಲಿ ಅವರ ತಂದೆಯನ್ನು ಜೀವಂತ ಸುಟ್ಟರು. ಕೆಲವು ವರ್ಷಗಳ ನಂತರ, ಎಂದೋ ತೀರಿಕೊಂಡಿದ್ದ ತಾಯಿಯ ಅಸ್ಥಿಗಳನ್ನೂ ಅಗೆದು ತೆಗೆದು ಸುಟ್ಟರು. ಇಂದಿನ ಬೆಲ್ಜಿಯಂ ದೇಶದ ಬ್ರೂಜ್ ನಗರದಲ್ಲಿ ನೆಲೆಸಿದ್ದ ಮಗನಿಗೆ ಸುದ್ದಿ ಮಾತ್ರ ತಲುಪಿತು.

ಆ ವಿವೆಸ್ ತಮ್ಮ ಕೊನೆಗಾಲದಲ್ಲಿ, 1538-39ರ ಹೊತ್ತಿಗೆ, ಮಕ್ಕಳಿಗೆ ಲ್ಯಾಟಿನ್ ಮಾತು ಕಲಿಸಲು 25 ಸಂಭಾಷಣೆಗಳ ಒಂದು ಪುಸ್ತಕ ಬರೆದರು. ಮೊದಲ ಸಂಭಾಷಣೆಯಲ್ಲಿ ಬಿಯಾಟ್ರಿಸ್ ಎಂಬ ಸೇವಕಿ ಇಬ್ಬರು ಹುಡುಗರನ್ನು ನಿದ್ದೆಯಿಂದ ಎಬ್ಬಿಸುತ್ತಾಳೆ. ಎರಡನೆಯದು ತಂದೆ ತಾಯಿಗೆ ಬೆಳಗಿನ ವಂದನೆ. ಆಮೇಲೆ ಶಾಲೆಯ ದಾರಿ. ತಂದೆ ತಾಯಿಯ ಅಂತ್ಯ ಹಾಗಾದ ಮನುಷ್ಯ, ಮಕ್ಕಳ ಭಾಷೆಯ ಎರಡನೆಯ ಪಾಠಕ್ಕೆ ತಂದೆ ತಾಯಿಗೆ ವಂದಿಸುವ ಮಾತುಗಳನ್ನು ಆರಿಸಿಕೊಂಡರು. ಇದಕ್ಕೆ ಅವರೇನೂ ವ್ಯಾಖ್ಯಾನ ಬರೆಯಲಿಲ್ಲ. ನಾವೂ ಹೆಚ್ಚು ಹೇಳುವುದು ಬೇಡ. ಪುಸ್ತಕವನ್ನು ಅರ್ಪಿಸಿದ್ದು ಸ್ಪೇನಿನ ರಾಜಕುಮಾರ ಫಿಲಿಪ್‌ಗೆ. ಆಗ ಅವನಿನ್ನೂ ಹನ್ನೊಂದರ ಆಸುಪಾಸಿನ ಹುಡುಗ; ಮುಂದೆ ಎರಡನೆಯ ಫಿಲಿಪ್ ಎಂಬ ಹೆಸರಿನಲ್ಲಿ ಯೂರೋಪಿನ ಬಲಿಷ್ಠ ದೊರೆಯಾದವನು. ಈ ಪುಸ್ತಕ ಯೂರೋಪಿನ ಶಾಲೆಗಳಲ್ಲಿ ಮತ್ತೆ ಮತ್ತೆ ಅಚ್ಚಾಯಿತು.

ವಿವೆಸ್ ಕಲಿಸಿದ್ದು ಲ್ಯಾಟಿನ್ನು. ಸ್ಪ್ಯಾನಿಷ್ ಭಾಷೆಯನ್ನೇ ಪರಕೀಯರು ಕಲಿಯುವ ಕಾಲ ಬಂದದ್ದು ಹೇಗೆ? ಅದಕ್ಕೆ 1492ಕ್ಕೆ ಹೋಗಬೇಕು. ಆ ವರ್ಷ ಆಗಸ್ಟ್ 3ರಂದು ಕೊಲಂಬಸನ ಹಡಗುಗಳು ಸ್ಪೇನಿನ ತೀರ ಬಿಟ್ಟವು. ಹದಿನೈದು ದಿನಗಳ ನಂತರ, ಆಗಸ್ಟ್ 18ರಂದು, ಆಂತೋನಿಯೊ ದೆ ನೆಬ್ರಿಹಾ ಎಂಬ ಪಂಡಿತರು ಬರೆದ ಸ್ಪ್ಯಾನಿಷ್ ವ್ಯಾಕರಣ ಸಲಮಾಂಕಾ ನಗರದಲ್ಲಿ ಅಚ್ಚಾಗಿ ಹೊರಬಂದಿತು. ಇದಕ್ಕೆ ಮುಂಚೆಯೇ ಗ್ರಂಥದ ಮಾದರಿಯನ್ನು ರಾಣಿ ಇಸಬೆಲ್ಲಾಳಿಗೆ ತೋರಿಸಿದಾಗ ಇದರಿಂದ ಏನು ಪ್ರಯೋಜನ ಎಂದು ಆಕೆ ಕೇಳಿದಳಂತೆ. ತಾನಾಡುವ ಭಾಷೆಗೆ ವ್ಯಾಕರಣ ಏತಕ್ಕೆ? ನ್ಯಾಯವಾದ ಪ್ರಶ್ನೆಯೇ. ಪಕ್ಕದಲ್ಲಿದ್ದ ಬಿಷಪ್ ತಲವೇರಾ ಉತ್ತರ ಕೊಟ್ಟರೆಂದು ನೆಬ್ರಿಹಾ ಮುನ್ನುಡಿಯಲ್ಲಿ ಬರೆದಿದ್ದಾರೆ. ರಾಣಿ ಬೇರೆ ಭಾಷೆಯ ಜನರನ್ನು ಗೆದ್ದ ಮೇಲೆ ಆ ಜನ ಗೆದ್ದವರ ಕಾನೂನನ್ನು ಒಪ್ಪಬೇಕಾಗುತ್ತದೆ, ಕಾನೂನಿನ ಜೊತೆಗೆ ಭಾಷೆಯನ್ನೂ ಕಲಿಯಬೇಕಾಗುತ್ತದೆ, ಆಗ ಈ ಪುಸ್ತಕ ಬೇಕಾಗುತ್ತದೆ ಎಂಬುದು ಆ ಉತ್ತರದ ಸಾರ. ಗ್ರಂಥದ ಐದನೆಯ ಭಾಗವನ್ನು ನೆಬ್ರಿಹಾ ಪರಭಾಷೆಯ ಕಲಿಯುವವರಿಗೆಂದೇ ಮೀಸಲಿಟ್ಟಿದ್ದರು. ಆದರೆ ಅದರಲ್ಲಿ "ಹೇಗಿದ್ದೀರಿ?" ಇಲ್ಲ. ಅಕ್ಷರಗಳು, ನಾಮಪದ, ಕ್ರಿಯಾಪದದ ರೂಪಗಳು, ಇಷ್ಟೇ. ಆಳುವವನ ಭಾಷೆ ಕುಶಲ ಕೇಳಬೇಕಾದ ಅಗತ್ಯ ಅಲ್ಲಿ ಕಾಣಲಿಲ್ಲ.

ಕುಶಲ ಕೇಳಿದವರು ವ್ಯಾಪಾರಿಗಳು ಮತ್ತು, ಆಶ್ಚರ್ಯವೆಂದರೆ, ಶತ್ರುಗಳು. 1588ರಲ್ಲಿ ಎರಡನೆಯ ಫಿಲಿಪ್ ಇಂಗ್ಲೆಂಡಿನ ಮೇಲೆ ತನ್ನ ಭಾರಿ ನೌಕಾಪಡೆಯನ್ನು ಕಳಿಸಿ ಸೋತ. ಯುದ್ಧ ಇನ್ನೂ ಮುಗಿದಿರಲಿಲ್ಲ. ಮೂರೇ ವರ್ಷಗಳ ನಂತರ, 1591ರಲ್ಲಿ, ಲಂಡನ್ನಿನಲ್ಲಿ ವಿಲಿಯಂ ಸ್ಟೆಪ್ನಿ ಎಂಬ ಶಿಕ್ಷಕ ಸ್ಪ್ಯಾನಿಷ್ ಕಲಿಸುವ ಪುಸ್ತಕವೊಂದನ್ನು ಅಚ್ಚು ಹಾಕಿಸಿದ. ಅದರಲ್ಲಿ ಏಳು ಸಂಭಾಷಣೆಗಳಿದ್ದವು, ವಾರದ ಒಂದೊಂದು ದಿನಕ್ಕೆ ಒಂದೊಂದು. ಆಯಾ ದಿನ ಏನೇನು ಮಾಡಬೇಕಾಗುತ್ತದೆಯೋ ಅದರ ಮಾತು. ಇಂದಿನ ತರಗತಿಯಲ್ಲಿ "ಇವತ್ತು ಯಾವ ವಾರ?" ಎಂದು ಆರಂಭಿಸುವ ಪದ್ಧತಿಯ ಅಜ್ಜ ಈ ಪುಸ್ತಕ ಎಂದರೆ ತಪ್ಪಾಗಲಾರದು. 1599ರಲ್ಲಿ ಜಾನ್ ಮಿನ್‌ಶ್ಯೂ ಎಂಬಾತ ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಎರಡರಲ್ಲೂ ಸಂಭಾಷಣೆಗಳನ್ನು ಪ್ರಕಟಿಸಿದ. ಮೊದಲನೆಯದು ಏನೆಂದು ನೀವೇ ಊಹಿಸಬಲ್ಲಿರಿ. ದಾನ್ ಪೇದ್ರೊ ಎಂಬ ದೊಡ್ಡ ಮನುಷ್ಯ ಬೆಳಿಗ್ಗೆ ಏಳುವುದು, ಅಲೋನ್ಸೊ ಎಂಬ ಆಳು ಬಟ್ಟೆ ತಂದುಕೊಡುವುದು! 1608ರಲ್ಲಿ ಸೀಸರ್ ಊದಾಂ ಎಂಬ ಫ್ರೆಂಚ್ ವಿದ್ವಾಂಸ ಅವೇ ಸಂಭಾಷಣೆಗಳನ್ನು ಪ್ಯಾರಿಸ್ಸಿನಲ್ಲಿ ಫ್ರೆಂಚ್ ಅನುವಾದದೊಡನೆ ಪ್ರಕಟಿಸಿದ.

ಇಲ್ಲಿ ಸ್ವಲ್ಪ ನಿಂತು ಸ್ಪ್ಯಾನಿಷ್ ವಾರಗಳ ಹೆಸರನ್ನು ನೋಡಿ. ಕನ್ನಡದ ವಿದ್ಯಾರ್ಥಿಗೆ ಇವು ಅಪರಿಚಿತವೇ ಅಲ್ಲ. ಲೂನೆಸ್ ಎಂದರೆ ಲೂನಾ, ಚಂದ್ರ, ನಮ್ಮ ಸೋಮ. ಮಾರ್ತೆಸ್ ಎಂದರೆ ಮಂಗಳ ಗ್ರಹದ ದಿನ. ಮಿಯೆರ್ಕೊಲೆಸ್ ಬುಧನದು, ಹ್ವೇವೆಸ್ ಗುರುವಿನದು, ಬಿಯೆರ್ನೆಸ್ ಶುಕ್ರನದು. ಗ್ರಹಗಳ ಹೆಸರಿನ ಈ ವಾರ ಒಂದೇ ಖಗೋಳ ಸಂಪ್ರದಾಯದಿಂದ ಪಶ್ಚಿಮಕ್ಕೂ ಹರಡಿತು, ಭಾರತಕ್ಕೂ ಬಂದಿತು. ಮಧ್ಯಪ್ರದೇಶದ ಏರಣ್ ಎಂಬಲ್ಲಿ ಸಿಕ್ಕ ಕ್ರಿ.ಶ. 484ರ ಗುಪ್ತರ ಕಾಲದ ಶಾಸನದಲ್ಲಿ ಗುರುವಾರದ ಉಲ್ಲೇಖವಿದೆ. ಶನಿ ಮತ್ತು ಭಾನುವಾರಗಳಲ್ಲಿ ಮಾತ್ರ ದಾರಿ ಬೇರೆಯಾಯಿತು. ಸಾಬಾದೊ ಎಂಬುದು ಯಹೂದಿಗಳ ವಿಶ್ರಾಂತಿಯ ದಿನವಾದ ಸಬ್ಬತ್ತಿನಿಂದ ಬಂದದ್ದು. ದೊಮಿಂಗೊ ಎಂದರೆ ಪ್ರಭುವಿನ ದಿನ. ಇಂಗ್ಲಿಷ್ ಮಾತನಾಡುವ ವಿದ್ಯಾರ್ಥಿಗೆ ಟ್ಯೂಸ್‌ಡೇಗೂ ಮಾರ್ತೆಸ್‌ಗೂ ನಂಟು ಕಾಣುವುದಿಲ್ಲ, ಬಾಯಿಪಾಠವೇ ಗತಿ. ನಿಮಗೆ ಹಾಗಿಲ್ಲ. ಮಂಗಳವಾರವೆಂದರೆ ಮಂಗಳವಾರವೇ.

ಮತ್ತೆ ವಿಷಯಕ್ಕೆ ಬರೋಣ. ಹತ್ತೊಂಬತ್ತನೆಯ ಶತಮಾನದ ಶಾಲೆಗಳಲ್ಲಿ ಈ ಮಾತುಕತೆಯ ಹಾದಿ ಬಹುಮಟ್ಟಿಗೆ ಮುಚ್ಚಿಹೋಯಿತು. ಸತ್ತ ಭಾಷೆಯಾದ ಲ್ಯಾಟಿನ್ನನ್ನು ಕಲಿಸಿದ ಹಾಗೆಯೇ ಬದುಕಿರುವ ಭಾಷೆಗಳನ್ನೂ ಕಲಿಸತೊಡಗಿದರು. ನಿಯಮ, ಪಟ್ಟಿ, ಅನುವಾದ. ತರಗತಿಯ ಮೊದಲ ಐದು ನಿಮಿಷ ಎಂದರೆ ನಿನ್ನೆಯ ಕ್ರಿಯಾಪದದ ರೂಪಗಳನ್ನು ಎದ್ದು ನಿಂತು ಒಪ್ಪಿಸುವುದು, ತಪ್ಪಿದರೆ ಬೈಸಿಕೊಳ್ಳುವುದು.

ಈ ಪದ್ಧತಿಯ ವಿಫಲತೆಗೆ ತಾವೇ ಸಾಕ್ಷಿಯಾದವರು ಫ್ರಾನ್ಸಿನ ಫ್ರಾಂಸ್ವಾ ಗ್ವಾಂ. ಜರ್ಮನ್ ಕಲಿಯಲು ಹ್ಯಾಂಬರ್ಗ್ ನಗರಕ್ಕೆ ಹೋದ ಅವರು ಹತ್ತು ದಿನಗಳಲ್ಲಿ ವ್ಯಾಕರಣ ಪುಸ್ತಕವನ್ನೂ ಎಲ್ಲ ಅನಿಯಮಿತ ಕ್ರಿಯಾಪದಗಳನ್ನೂ ಕಂಠಪಾಠ ಮಾಡಿದರು. ಉತ್ಸಾಹದಿಂದ ಉಪನ್ಯಾಸ ಕೇಳಲು ಹೋದರೆ ಒಂದು ಪದವೂ ಅರ್ಥವಾಗಲಿಲ್ಲ. ಛಲ ಬಿಡದೆ ಇಡೀ ನಿಘಂಟನ್ನೇ ಒಂದು ತಿಂಗಳಲ್ಲಿ ಬಾಯಿಪಾಠ ಮಾಡಿದರು. ಮತ್ತೆ ಅದೇ ಕತೆ. ಊರಿಗೆ ಹಿಂದಿರುಗಿದಾಗ, ತಾವು ಹೊರಟಾಗ ಮಾತೇ ಬಾರದಿದ್ದ ಪುಟ್ಟ ಸೋದರಳಿಯ ಪಟಪಟನೆ ಮಾತನಾಡುತ್ತಿದ್ದ. ಹಿಟ್ಟಿನ ಗಿರಣಿ ನೋಡಿಬಂದ ಆ ಮಗು ಕಂಡದ್ದನ್ನೆಲ್ಲ ಆಟವಾಗಿ ಆಡುತ್ತಾ, ಒಂದೊಂದು ಕೆಲಸವನ್ನೂ ಹೆಸರಿಸುತ್ತಾ ಇರುವುದನ್ನು ಗ್ವಾಂ ನೋಡಿದರು. ಬಾಗಿಲ ಕಡೆಗೆ ನಡೆಯುತ್ತೇನೆ, ಬಾಗಿಲ ಹತ್ತಿರ ಬರುತ್ತೇನೆ, ಹಿಡಿಕೆ ತಿರುಗಿಸುತ್ತೇನೆ, ಹೀಗೆ ಕೆಲಸದ ಕ್ರಮದಲ್ಲೇ ವಾಕ್ಯಗಳನ್ನು ಪೋಣಿಸಿ ಕಲಿಸುವ ಪದ್ಧತಿಯನ್ನು 1880ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಅದೇ ಕಾಲದಲ್ಲಿ ಅಮೆರಿಕದ ರೋಡ್ ಐಲೆಂಡ್ ರಾಜ್ಯದಲ್ಲಿ 1878ರಲ್ಲಿ ಶಾಲೆ ತೆರೆದ ಮ್ಯಾಕ್ಸಿಮಿಲಿಯನ್ ಬರ್ಲಿಟ್ಸ್, ಕಲಿಯುವ ಭಾಷೆಯ ಹೊರತು ಬೇರೆ ಭಾಷೆಯನ್ನು ತರಗತಿಯಲ್ಲಿ ಆಡಲೇಬಾರದೆಂಬ ನಿಯಮವನ್ನು ಪ್ರಚಾರಕ್ಕೆ ತಂದರು. ಮೊದಲ ದಿನ, ಮೊದಲ ಕ್ಷಣದಿಂದಲೇ ಪ್ರಶ್ನೆ ಮತ್ತು ಉತ್ತರ. ಬಾಯಿಪಾಠಕ್ಕಿಂತ ಮಾತು ಮತ್ತೆ ಮೇಲಾಯಿತು.

ಈಗ ಕಥೆ ಅಮೆರಿಕದ ಶಾಲೆಗಳ ಒಳಗೆ ಹೋಗುತ್ತದೆ. ಮೊದಲ ಮಹಾಯುದ್ಧಕ್ಕೆ ಮುಂಚೆ ಅಲ್ಲಿನ ಪ್ರೌಢಶಾಲೆಗಳಲ್ಲಿ ಜನಪ್ರಿಯ ಭಾಷೆ ಜರ್ಮನ್. 1915ರಲ್ಲಿ ಶೇಕಡಾ 24ರಷ್ಟು ವಿದ್ಯಾರ್ಥಿಗಳು ಜರ್ಮನ್ ಕಲಿಯುತ್ತಿದ್ದರೆ ಸ್ಪ್ಯಾನಿಷ್ ಕಲಿಯುವವರು ಶೇಕಡಾ 3ರಷ್ಟೂ ಇರಲಿಲ್ಲ. 1917ರಲ್ಲಿ ಅಮೆರಿಕ ಜರ್ಮನಿಯ ಮೇಲೆ ಯುದ್ಧ ಸಾರಿತು. ಶತ್ರುವಿನ ಭಾಷೆ ಬೇಡವೆಂಬ ಕೂಗು ಎದ್ದಿತು. 1922ರ ಹೊತ್ತಿಗೆ ಜರ್ಮನ್ ಶೇಕಡಾ 1ಕ್ಕಿಂತ ಕೆಳಗೆ ಇಳಿಯಿತು, ಸ್ಪ್ಯಾನಿಷ್ ಶೇಕಡಾ 11ಕ್ಕೆ ಏರಿತು. ಸ್ಪ್ಯಾನಿಷ್ ಶಿಕ್ಷಕರ ರಾಷ್ಟ್ರೀಯ ಸಂಘ ಹುಟ್ಟಿದ್ದೂ 1917ರಲ್ಲೇ. (ನಾಲ್ಕು ನೂರು ವರ್ಷ ಹಿಂದಿನ ಇಂಗ್ಲೆಂಡಿನವರು ಶತ್ರುವಿನ ಭಾಷೆಯನ್ನು ಕಲಿಯಬೇಕೆಂದರು, ಇವರು ಬಿಡಬೇಕೆಂದರು. ಯಾರು ಜಾಣರು ಎಂಬುದನ್ನು ನೀವು ಚರ್ಚಾಸ್ಪರ್ಧೆಗೆ ಇಟ್ಟುಕೊಳ್ಳಬಹುದು.)

ಹೀಗೆ ಸಾವಿರಾರು ತರಗತಿಗಳಲ್ಲಿ ಬೆಳಿಗ್ಗೆ "ಬ್ವೇನೊಸ್ ದೀಆಸ್" ಎಂಬ ದನಿ ಕೇಳತೊಡಗಿತು. ಆದರೆ ಅದೇ ದೇಶದಲ್ಲಿ, ಅದೇ ವರ್ಷಗಳಲ್ಲಿ, ಅದೇ ಮಾತಿಗೆ ಏಟು ತಿನ್ನುತ್ತಿದ್ದ ಮಕ್ಕಳೂ ಇದ್ದರು. ಇದನ್ನು ನೀವು ಗಮನವಿಟ್ಟು ಓದಬೇಕು.

ಟೆಕ್ಸಾಸ್ ರಾಜ್ಯ ಮೊದಲು ಮೆಕ್ಸಿಕೋ ದೇಶದ ಭಾಗವಾಗಿತ್ತು. ಅಲ್ಲಿ ತಲೆತಲಾಂತರದಿಂದ ಸ್ಪ್ಯಾನಿಷ್ ಮನೆಮಾತಾಗಿರುವ ಜನ ಬಹಳ. 1918ರಲ್ಲಿ ಆ ರಾಜ್ಯ ಒಂದು ಕಾನೂನು ಮಾಡಿ, ಶಾಲೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಪಾಠ ಹೇಳುವುದು ಶಿಕ್ಷಕರಿಗೆ ಅಪರಾಧ ಎಂದಿತು. ವಿದೇಶಿ ಭಾಷೆಯಾಗಿ ಸ್ಪ್ಯಾನಿಷ್ ಕಲಿಸುವುದಕ್ಕೆ ಮಾತ್ರ ವಿನಾಯಿತಿ. ಅಂದರೆ, ಇಂಗ್ಲಿಷ್ ಮನೆಮಾತಿನ ಹುಡುಗ ಪ್ರೌಢಶಾಲೆಯ ಸ್ಪ್ಯಾನಿಷ್ ತರಗತಿಯಲ್ಲಿ "ಬ್ವೇನೊಸ್ ದೀಆಸ್" ಎಂದರೆ ಭೇಷ್. ಸ್ಪ್ಯಾನಿಷ್ ಮನೆಮಾತಿನ ಮಗು ಅಂಗಳದಲ್ಲಿ ಗೆಳೆಯನಿಗೆ ಅದನ್ನೇ ಅಂದರೆ ಶಿಕ್ಷೆ. ಮಕ್ಕಳಿಗೆ ಹಣದ ದಂಡ ಹಾಕುವುದು, ಶಾಲೆ ಬಿಟ್ಟ ಮೇಲೆ ಕೂರಿಸುವುದು, ಹೊಡೆಯುವುದು ನಡೆಯುತ್ತಿತ್ತು. ಅಮೆರಿಕದ ನಾಗರಿಕ ಹಕ್ಕುಗಳ ಆಯೋಗ 1972ರ ವರದಿಯೊಂದರಲ್ಲಿ ಇಂಥ ನಿಯಮಗಳು ಅಲ್ಲಿಯವರೆಗೂ ಉಳಿದಿದ್ದುದನ್ನು ದಾಖಲಿಸಿತು.

ಕೊಟುಲ್ಲಾ ಎಂಬುದು ಟೆಕ್ಸಾಸಿನ ಒಂದು ಸಣ್ಣ ಊರು. 1928ರಲ್ಲಿ ಅಲ್ಲಿನ ಮೆಕ್ಸಿಕನ್ ಮಕ್ಕಳ ಶಾಲೆಗೆ ಇಪ್ಪತ್ತು ವರ್ಷದ ಒಬ್ಬ ಹೊಸ ಮೇಷ್ಟರು ಬಂದರು. ಕಾಲೇಜಿನ ಖರ್ಚಿಗೆ ಹಣವಿಲ್ಲದೆ ಓದನ್ನು ಅರ್ಧಕ್ಕೆ ನಿಲ್ಲಿಸಿ ಕೆಲಸಕ್ಕೆ ಸೇರಿದವರು. ಮಕ್ಕಳು ಬೆಳಿಗ್ಗೆ ತಿಂಡಿಯಿಲ್ಲದೆ ಹಸಿದ ಹೊಟ್ಟೆಯಲ್ಲಿ ಬರುತ್ತಿದ್ದರು. ಮೇಷ್ಟರು ತಮ್ಮ ಮೊದಲ ಸಂಬಳದಲ್ಲಿ ಆಟದ ಸಾಮಾನು ಕೊಂಡುಕೊಟ್ಟರು, ಓಟ, ಚರ್ಚಾಸ್ಪರ್ಧೆ ಎಲ್ಲ ಏರ್ಪಡಿಸಿದರು. ಅವರ ತರಗತಿಗೂ ಒಂದು ಆರಂಭದ ಕ್ರಮವಿತ್ತು. ಮೇಷ್ಟರು ಒಳಗೆ ಬಂದೊಡನೆ ಮಕ್ಕಳೆಲ್ಲ ಅವರ ಹೆಸರು ಹಿಡಿದು ಕುಶಲ ಕೇಳುವ ಒಂದು ಹಾಡನ್ನು ಇಂಗ್ಲಿಷಿನಲ್ಲಿ ಹಾಡಬೇಕಿತ್ತು. ಅಂಗಳದಲ್ಲಿ ಸ್ಪ್ಯಾನಿಷ್ ಪದ ಕಿವಿಗೆ ಬಿದ್ದರೆ ಹುಡುಗರಿಗೆ ಏಟು, ಹುಡುಗಿಯರಿಗೆ ಬೈಗುಳ. ಇಂಗ್ಲಿಷ್ ಬಂದರೇ ಈ ಮಕ್ಕಳು ಬದುಕಿಯಾರು ಎಂಬ ಕಳಕಳಿ ಅವರದು. ಪ್ರೀತಿಯೂ ನಿಜ, ಏಟೂ ನಿಜ.

ಆ ಮೇಷ್ಟರ ಹೆಸರು ಲಿಂಡನ್ ಜಾನ್ಸನ್. 1963ರಲ್ಲಿ ಅವರು ಅಮೆರಿಕದ ಅಧ್ಯಕ್ಷರಾದರು. 1965ರ ಮಾರ್ಚ್‌ನಲ್ಲಿ ಕರಿಯರ ಮತದಾನದ ಹಕ್ಕಿಗಾಗಿ ಸಂಸತ್ತಿನ ಮುಂದೆ ಭಾಷಣ ಮಾಡುವಾಗ ಕೊಟುಲ್ಲಾದ ಆ ಹಸಿದ ಮಕ್ಕಳನ್ನು ನೆನೆದರು. 1968ರ ಜನವರಿಯಲ್ಲಿ, ಇಂಗ್ಲಿಷ್ ಸರಿಯಾಗಿ ಬಾರದ ಮಕ್ಕಳಿಗೆ ಅವರ ಮನೆಮಾತಿನ ನೆರವಿನಿಂದ ಕಲಿಸಲು ಹಣ ಒದಗಿಸುವ ದ್ವಿಭಾಷಾ ಶಿಕ್ಷಣ ಕಾಯಿದೆಗೆ ಸಹಿ ಹಾಕಿದರು. ನಲವತ್ತು ವರ್ಷಗಳ ಹಿಂದೆ ಅಂಗಳದಲ್ಲಿ ಸ್ಪ್ಯಾನಿಷ್ ಕೇಳಿದರೆ ಕೈ ಎತ್ತುತ್ತಿದ್ದ ಅದೇ ಕೈ. ಮರುವರ್ಷ ಟೆಕ್ಸಾಸ್ ರಾಜ್ಯವೂ ತನ್ನ ಹಳೆಯ ಕಾನೂನನ್ನು ಬದಲಿಸಿತು.

ಅಷ್ಟರಲ್ಲಿ ಆಗಬಾರದ್ದು ಬಹಳ ಆಗಿತ್ತು. ಒಂದನ್ನು ಹೇಳುತ್ತೇನೆ. ಟೆಕ್ಸಾಸಿನ ಮಾರ್ಫಾ ಎಂಬ ಊರಿನಲ್ಲಿ ಬ್ಲ್ಯಾಕ್‌ವೆಲ್ ಶಾಲೆ ಎಂಬುದಿತ್ತು, ಮೆಕ್ಸಿಕನ್ ಮೂಲದ ಮಕ್ಕಳಿಗೆ ಪ್ರತ್ಯೇಕವಾದದ್ದು. 1954ರಲ್ಲಿ ಅಲ್ಲಿ ಮಕ್ಕಳ ಕೈಯಲ್ಲಿ ಒಂದು ಅಂತ್ಯಸಂಸ್ಕಾರ ಮಾಡಿಸಿದರು. ಸ್ಪ್ಯಾನಿಷ್ ಆಡುವುದಿಲ್ಲವೆಂದು ಚೀಟಿಗಳಲ್ಲಿ ಬರೆಸಿ, ಆ ಚೀಟಿಗಳನ್ನು ಶವಪೆಟ್ಟಿಗೆಯಂಥ ಪೆಟ್ಟಿಗೆಯಲ್ಲಿ ಹಾಕಿಸಿ, ಧ್ವಜಸ್ತಂಭದ ಬಳಿ ಗುಂಡಿ ತೋಡಿ ಹೂಳಿಸಿದರು. ಶಿಕ್ಷಕರ ದೃಷ್ಟಿಯಲ್ಲಿ ಇದೊಂದು ಚಟುವಟಿಕೆ. ಅಮ್ಮ ಊಟಕ್ಕೆ ಕರೆಯುವ ಭಾಷೆಯನ್ನು ಮಣ್ಣು ಮಾಡಿ ಮನೆಗೆ ಹೋದ ಮಗುವಿಗೆ ಅದು ಏನಾಗಿತ್ತೆಂದು ನೀವೇ ಯೋಚಿಸಿ. 2007ರಲ್ಲಿ ಆ ಶಾಲೆಯ ಹಳೆಯ ವಿದ್ಯಾರ್ಥಿಗಳು ಒಟ್ಟುಗೂಡಿ, ಅದರ ಪ್ರತಿಯಾಗಿ ಒಂದು ಸ್ಪ್ಯಾನಿಷ್ ನಿಘಂಟನ್ನು ನೆಲದಿಂದ ಅಗೆದು ಮೇಲೆತ್ತಿದರು. 2022ರಲ್ಲಿ ಆ ಶಾಲೆಯನ್ನು ರಾಷ್ಟ್ರೀಯ ಐತಿಹಾಸಿಕ ಸ್ಥಳವನ್ನಾಗಿಸುವ ಕಾಯಿದೆ ಅಂಗೀಕಾರವಾಯಿತು.

ಇನ್ನು ಸ್ಪ್ಯಾನಿಷನ್ನು ಪರಭಾಷೆಯಾಗಿ ಕಲಿಯುವ ತರಗತಿಯ ಕಡೆ ನೋಡಿದರೆ, ಅಲ್ಲಿ ಬೇರೆ ತರಹದ ಭಯ ಇತ್ತು. 1957ರಲ್ಲಿ ಸೋವಿಯತ್ ರಷ್ಯ ಸ್ಪುಟ್ನಿಕ್ ಉಪಗ್ರಹ ಹಾರಿಸಿದ ಮೇಲೆ ಅಮೆರಿಕ ಗಾಬರಿಗೊಂಡು, ವಿಜ್ಞಾನ, ಗಣಿತಗಳ ಜೊತೆಗೆ ವಿದೇಶಿ ಭಾಷೆಗಳಿಗೂ 1958ರ ಕಾಯಿದೆಯೊಂದರ ಮೂಲಕ ಹಣ ಸುರಿಯಿತು. ಧ್ವನಿಮುದ್ರಿತ ಟೇಪು, ಕಿವಿಗೆ ಹೆಡ್‌ಫೋನು, ಸಾಲುಸಾಲು ಗೂಡುಗಳು. ಪಾಠದ ಆರಂಭವೆಂದರೆ ಕೊಟ್ಟ ಸಂಭಾಷಣೆಯನ್ನು ಗಿಳಿಯಂತೆ ತಿರುಗಿ ಹೇಳುವುದು. "ನೀನು ಹೇಗಿದ್ದೀಯ?" ಎಂದು ಯಂತ್ರ ಕೇಳುತ್ತಿತ್ತು, ಜ್ವರ ಬಂದಿದ್ದರೂ "ಚೆನ್ನಾಗಿದ್ದೇನೆ" ಎಂದೇ ಹೇಳಬೇಕಿತ್ತು, ಟೇಪಿನಲ್ಲಿರುವುದು ಅದೇ ತಾನೆ!

ಈ ಬಿಗಿಯನ್ನು ಸಡಿಲಿಸಿದವರಲ್ಲಿ ಮುಖ್ಯರು ಕ್ಯಾಲಿಫೋರ್ನಿಯಾದವರು. ಸಾನ್ ಹೊಸೆಯ ಮನಶ್ಶಾಸ್ತ್ರಜ್ಞ ಜೇಮ್ಸ್ ಆಷರ್, 1960ರ ದಶಕದಲ್ಲಿ ಒಂದು ಸರಳ ವಿಚಾರವನ್ನು ಪರೀಕ್ಷಿಸಿದರು. ಮಗು ಮಾತನಾಡುವುದಕ್ಕೆ ಬಹಳ ಮುಂಚೆ "ಬಾ", "ಕೂತ್ಕೋ", "ಕೊಡು" ಎಂಬುದನ್ನು ಕೇಳಿ ಮೈಯಿಂದ ಉತ್ತರಿಸುತ್ತದೆ. ಹಾಗಾದರೆ ತರಗತಿಯಲ್ಲೂ ಮೊದಲು ಬಾಯಿಯನ್ನು ಬಿಟ್ಟು ಮೈಯನ್ನೇ ಕೇಳಬಾರದೇಕೆ? ಏಳಿ, ನಡೆಯಿರಿ, ತಿರುಗಿ, ಬಾಗಿಲು ಮುಟ್ಟಿ, ಕುಳಿತುಕೊಳ್ಳಿ. ಇಂದು ಅನೇಕ ಶಿಕ್ಷಕರು ತರಗತಿಯನ್ನು ಇಂಥ ಐದಾರು ಆಜ್ಞೆಗಳಿಂದ ಆರಂಭಿಸುವುದು ಅಲ್ಲಿಂದ ಬಂದದ್ದು. ಸ್ಪ್ಯಾನಿಷ್ ಭಾಷಾಶಾಸ್ತ್ರಜ್ಞ ಟ್ರೇಸಿ ಟೆರೆಲ್ 1977ರಲ್ಲಿ ಇನ್ನೊಂದು ಹೆಜ್ಜೆ ಇಟ್ಟರು. 1983ರಲ್ಲಿ ಸ್ಟೀಫನ್ ಕ್ರಾಷೆನ್ ಜೊತೆ ಪುಸ್ತಕ ಬರೆದರು. ಅವರ ತರಗತಿಯ ಆರಂಭ ಹೀಗೆ: ಶಿಕ್ಷಕರು ಸ್ಪ್ಯಾನಿಷಿನಲ್ಲಿ, ಕೈ ತೋರಿಸುತ್ತಾ, ಉದ್ದ ಜಡೆಯ ಹುಡುಗಿ ಯಾರು, ನೀಲಿ ಅಂಗಿಯ ಹುಡುಗ ಯಾರು ಎಂದು ಕೇಳುತ್ತಾರೆ. ವಿದ್ಯಾರ್ಥಿಗಳು ಹೇಳಬೇಕಾದದ್ದು ಗೆಳೆಯನ ಹೆಸರು ಮಾತ್ರ. ತಪ್ಪಾಗುವ ಭಯವಿಲ್ಲ. ಮನಸ್ಸಿನಲ್ಲಿ ಅಂಜಿಕೆ ತುಂಬಿದ್ದರೆ ಕೇಳಿದ ಮಾತು ಒಳಗೆ ಇಳಿಯುವುದೇ ಇಲ್ಲ ಎಂಬುದು ಇವರ ವಾದ. ಕ್ರಾಷೆನ್ನರ ಸಿದ್ಧಾಂತದ ಬಗ್ಗೆ ವಿದ್ವಾಂಸರಲ್ಲಿ ಜಗಳ ಬಹಳವಿದೆ. ಈ ಒಂದು ಮಾತನ್ನು ಮಾತ್ರ ಎಂದಾದರೂ ಹಲಗೆಯ ಮುಂದೆ ನಡುಗುತ್ತಾ ನಿಂತ ಯಾವ ವಿದ್ಯಾರ್ಥಿಯೂ ಅಲ್ಲಗಳೆಯಲಾರ. ಮುಂದೆ 1990ರ ಸುಮಾರಿಗೆ ಬ್ಲೇನ್ ರೇ ಎಂಬ ಪ್ರೌಢಶಾಲೆಯ ಸ್ಪ್ಯಾನಿಷ್ ಶಿಕ್ಷಕರು ಆಷರ್ ಅವರ ಆಜ್ಞೆಗಳಿಗೆ ಕಥೆ ಹೇಳುವುದನ್ನು ಸೇರಿಸಿದರು.

ದಿನವೂ ಅದೇ ಪ್ರಶ್ನೆ ಕೇಳಿದರೆ ಬೇಸರವಾಗದೇ? ಆಗಬಹುದು. ಆದರೆ ಇದರ ಹಿಂದೆ ನೆನಪಿನ ಲೆಕ್ಕಾಚಾರವೊಂದಿದೆ. ಜರ್ಮನಿಯ ಹೆರ್ಮನ್ ಎಬ್ಬಿಂಗ್‌ಹೌಸ್, ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆಂದು ಅಳೆದು 1885ರಲ್ಲಿ ಪ್ರಕಟಿಸಿದರು. ಕಲಿತದ್ದರಲ್ಲಿ ಹೆಚ್ಚು ಪಾಲು ಸೋರಿಹೋಗುವುದು ಮೊದಲ ಗಂಟೆಗಳಲ್ಲೇ. ದಿನಗಳ ಅಂತರದಲ್ಲಿ ಮತ್ತೆ ಮತ್ತೆ ನೆನೆದರೆ ಸೋರುವುದು ತಗ್ಗುತ್ತದೆ. ಬೆಳಿಗ್ಗೆ "ನಿನ್ನೆ ಏನು ಮಾಡಿದೆ?" ಎಂಬ ಪ್ರಶ್ನೆಗೆ ಉತ್ತರ ಹುಡುಕುವಾಗ ನಿನ್ನೆ ಕಲಿತ ಭೂತಕಾಲದ ರೂಪವನ್ನು ಮನಸ್ಸು ತಡಕಿ ಹೊರತೆಗೆಯುತ್ತದೆ. ಪುಸ್ತಕ ತೆರೆದು ಮತ್ತೆ ಓದುವುದಕ್ಕಿಂತ ಈ ತಡಕಾಟವೇ ಹೆಚ್ಚು ಗಟ್ಟಿ. ನಿಮ್ಮ ಇತಿಹಾಸ ಪಾಠಕ್ಕೂ ಇದನ್ನು ಮಾಡಿ ನೋಡಬಹುದು.

ನೀವು ಎಂದಾದರೂ ಸ್ಪ್ಯಾನಿಷ್ ಕಲಿಯಲು ಕುಳಿತರೆ ಈ ಮೊದಲ ನಿಮಿಷಗಳಲ್ಲಿ ಕನ್ನಡ ನಿಮ್ಮ ಕೈ ಹಿಡಿಯುತ್ತದೆ. ಗೆಳೆಯನನ್ನು "ಕೋಮೊ ಎಸ್ತಾಸ್?" ಎಂದು ಕೇಳುವವರು ಹಿರಿಯರನ್ನು "ಕೋಮೊ ಎಸ್ತಾ ಉಸ್ತೆದ್?" ಎನ್ನಬೇಕು. ನೀನು, ನೀವು ಎಂಬ ಭೇದ ಇಂಗ್ಲಿಷಿನಲ್ಲಿ ಅಳಿದಿದೆ, ನಮಗೆ ಹುಟ್ಟಿನಿಂದ ಬಂದಿದೆ. ಉಸ್ತೆದ್ ಎಂಬ ಪದವೇ "ತಮ್ಮ ಕೃಪೆ" ಎಂಬರ್ಥದ ಹಳೆಯ ಗೌರವದ ಸಂಬೋಧನೆ ಸವೆದು ಆದದ್ದು. ಇನ್ನು "ಮೆ ಗುಸ್ತಾ ಎಲ್ ಮಾಂಗೊ" ಎಂಬ ವಾಕ್ಯ. ಇಂಗ್ಲಿಷ್ ವಿದ್ಯಾರ್ಥಿಗಳು ಇದರಲ್ಲಿ ಕರ್ತೃ ಎಲ್ಲಿ ಎಂದು ವರ್ಷಗಟ್ಟಲೆ ತಡವರಿಸುತ್ತಾರೆ, ಏಕೆಂದರೆ ಅವರ ಭಾಷೆಯಲ್ಲಿ "ನಾನು" ಇಷ್ಟಪಡಬೇಕು. ಕನ್ನಡದಲ್ಲಿ? ನನಗೆ ಮಾವಿನಹಣ್ಣು ಇಷ್ಟ. ಸ್ಪ್ಯಾನಿಷಿನಲ್ಲೂ "ನನಗೆ" ಎಂದೇ ಆರಂಭ. ಮಾಂಗೊ ಎಂಬ ಪದವೂ ದಕ್ಷಿಣ ಭಾರತದ ಭಾಷೆಗಳಿಂದ ಪೋರ್ಚುಗೀಸರ ಬಾಯಿಗೆ ಹೋಗಿ ಅಲ್ಲಿಂದ ಹರಡಿದ್ದು.

1970ರ ದಶಕದಿಂದ ಅಮೆರಿಕದಲ್ಲಿ ಇನ್ನೊಂದು ಬಗೆಯ ಸ್ಪ್ಯಾನಿಷ್ ತರಗತಿ ಬೆಳೆದಿದೆ. ಅದು ಮನೆಯಲ್ಲಿ ಸ್ಪ್ಯಾನಿಷ್ ಆಡುವ, ಆದರೆ ಓದು ಬರಹ ಕಲಿಯದ ಮಕ್ಕಳಿಗಾಗಿ ಇರುವುದು. ಅಜ್ಜ ಅಜ್ಜಿಯರು ಯಾವ ಮಾತಿಗೆ ಏಟು ತಿಂದಿದ್ದರೋ ಆ ಮಾತಿಗೆ ಇಲ್ಲಿ ಅಂಕ ಸಿಗುತ್ತದೆ. ಈ ಮಕ್ಕಳಿಗೆ ಇವತ್ತು ಯಾವ ವಾರ ಎಂದು ಕೇಳಿದರೆ ನಗುತ್ತಾರೆ. ಅವರಿಗೆ ಒಗ್ಗುವ ಪ್ರಶ್ನೆಯೇ ಬೇರೆ. ಮೆಕ್ಸಿಕೋದ ಮನೆಗಳಲ್ಲಿ ಬೆಳಿಗ್ಗೆ ಒಬ್ಬರನ್ನೊಬ್ಬರು ಕೇಳುವ ಮಾತು "ಕೋಮೊ ಅಮನೆಸಿಸ್ತೆ?" ಅಮನೆಸೆರ್ ಎಂದರೆ ಬೆಳಗಾಗುವುದು. ಸ್ಪ್ಯಾನಿಷಿನಲ್ಲಿ ಬೆಳಗಾಗುವುದು ಆಕಾಶಕ್ಕೆ ಮಾತ್ರವಲ್ಲ, ಮನುಷ್ಯರೂ ಬೆಳಗಾಗುತ್ತಾರೆ. ನೀನು ಹೇಗೆ ಬೆಳಗಾದೆ ಎಂದು ಕೇಳಿದರೆ, ರಾತ್ರಿ ನಿದ್ದೆ ಬಂತೇ, ಎದ್ದಾಗ ಹೇಗಿತ್ತು ಎಂಬುದೆಲ್ಲ ಅದರೊಳಗೆ ಬಂತು. ಬಿಯಾಟ್ರಿಸ್ ಹುಡುಗರನ್ನು ಎಬ್ಬಿಸಿದ ಪಾಠ ಬರೆದ ವಿವೆಸ್‌ಗೆ ಈ ಪ್ರಶ್ನೆ ಹಿಡಿಸುತ್ತಿತ್ತು. ಇದಕ್ಕೆ ಪಠ್ಯಪುಸ್ತಕದಲ್ಲಿ ಸಿದ್ಧ ಉತ್ತರವಿಲ್ಲ. ತಮ್ಮ ರಾತ್ರಿಯಿಡೀ ಅತ್ತ, ಅಪ್ಪ ಕೆಲಸಕ್ಕೆ ಹೋಗುವಾಗ ಎಚ್ಚರವಾಯಿತು, ಬಸ್ಸು ತಪ್ಪಿತು 一 ಹೀಗೆ ಮಕ್ಕಳು ಒಬ್ಬೊಬ್ಬರಾಗಿ ಹೇಳತೊಡಗುತ್ತಾರೆ. ಶಿಕ್ಷಕಿ ಆ ಮಾತುಗಳಲ್ಲೇ ಒಂದನ್ನು ಎತ್ತಿಕೊಂಡು ಹಲಗೆಯ ಮೇಲೆ ಬರೆಯುತ್ತಾರೆ. ಅಂದಿನ ಪಾಠ ಅಲ್ಲಿಂದ ಆರಂಭ.